ಬ್ಲೋ ಡ್ರೈ ಮಾಡಿದರೂ ಕೂದಲು ಕೆದರಿದರೆ: ದೋಷ ಪತ್ತೆಯ ಕೈಪಿಡಿ

ಕೂದಲು ಕೆದರುತ್ತದೆ ಎಂದು ಬೇಸತ್ತವರು ಮೊದಲು ಶಾಂಪೂ ಬದಲಿಸುತ್ತಾರೆ, ಆಮೇಲೆ ಸೀರಮ್, ಕೊನೆಗೆ ಡ್ರೈಯರ್. ಅಷ್ಟು ದುಡ್ಡು ಸುರಿಯುವ ಮೊದಲು ಒಂದನ್ನು ಗಮನಿಸಿ: ಕೂದಲು ಕೆದರಿದ್ದು ಯಾವ ಹೊತ್ತಿನಲ್ಲಿ? ಡ್ರೈಯರ್ ಕೈಗೆತ್ತಿಕೊಳ್ಳುವ ಮೊದಲೇ? ಒಣಗಿಸುತ್ತಿರುವಾಗ? ಮುಗಿಸಿದ ಹತ್ತು ನಿಮಿಷಕ್ಕೆ? ಮನೆಯಿಂದ ಹೊರಬಿದ್ದ ಮೇಲೆ? ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಗಡಸು ನೀರಿನಿಂದ ಹುಟ್ಟಿದ ಕೆದರಿಗೆ ಎಷ್ಟು ಸೀರಮ್ ಹಚ್ಚಿದರೂ ಜಿಡ್ಡಾಗುತ್ತದೆಯೇ ಹೊರತು ಕೂದಲು ಕೂರುವುದಿಲ್ಲ.

ಕೂದಲಿನ ಆಕಾರವನ್ನು ಮುಖ್ಯವಾಗಿ ಹಿಡಿದಿಡುವುದು ಅದರ ಕೆರಟಿನ್ ಪ್ರೋಟೀನಿನೊಳಗಿನ ಎರಡು ಬಗೆಯ ಬಂಧಗಳು. ಡೈಸಲ್ಫೈಡ್ ಬಂಧ ಗಟ್ಟಿ. ಅದು ನೀರಿಗಾಗಲಿ ಡ್ರೈಯರ್ ಬಿಸಿಗಾಗಲಿ ಜಗ್ಗುವುದಿಲ್ಲ, ಹಾಗಾಗಿಯೇ ಹುಟ್ಟು ಗುಂಗುರು ಎಷ್ಟು ಬ್ಲೋ ಡ್ರೈ ಮಾಡಿದರೂ ಮುಂದಿನ ಸ್ನಾನಕ್ಕೆ ಮರಳಿ ಬರುತ್ತದೆ. ಹೈಡ್ರೋಜನ್ ಬಂಧ ಹಾಗಲ್ಲ. ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ, ಒಣಗಿ ತಣಿಯುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಕೂಡಿಕೊಳ್ಳುತ್ತದೆ. ಬ್ಲೋ ಡ್ರೈ ನಿಂತಿರುವುದು ಈ ಎರಡನೆಯದರ ಮೇಲೆ. ಕೆಳಗೆ ಬರುವ ದೋಷಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟಿದವು: ಎಳೆ ನೇರವಾಗುವ ಮೊದಲೇ ಒಣಗಿತು, ಪೂರ್ತಿ ಒಣಗಲಿಲ್ಲ, ತಣಿಯಲು ಬಿಡಲಿಲ್ಲ, ಅಥವಾ ಮತ್ತೆ ತೇವ ಸೇರಿತು.

ಇದು ಕೆದರೋ, ಗುಂಗುರೋ?

ರಜೆಯ ದಿನ ಈ ಪರೀಕ್ಷೆ ಮಾಡಿ. ತಲೆ ತೊಳೆದು ಕಂಡೀಷನರ್ ಹಚ್ಚಿ, ಅದು ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ, ತೊಳೆಯಿರಿ. ಆಮೇಲೆ ಏನನ್ನೂ ಹಚ್ಚಬೇಡಿ, ಬಾಚಬೇಡಿ, ಫ್ಯಾನ್ ಹಾಕಬೇಡಿ. ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಎಳೆಗಳು ಗುಂಪುಗುಂಪಾಗಿ ಸೇರಿ ಅಲೆಯೋ ಸುರುಳಿಯೋ ಆದರೆ ನಿಮ್ಮದು ಗುಂಗುರು ಕೂದಲು. ಒಣಗಿದ ಮೇಲೆ ಬಾಚುವುದರಿಂದ ಆ ಗುಂಪುಗಳು ಒಡೆದು ಉಬ್ಬುತ್ತಿವೆ, ಅಷ್ಟೇ. ಇಂಥ ಕೂದಲಿಗೆ ದಿನವೂ ರೌಂಡ್ ಬ್ರಷ್ ಹಿಡಿಯುವುದಕ್ಕಿಂತ ಡ್ರೈಯರ್‌ಗೆ ಡಿಫ್ಯೂಸರ್ (ಗಾಳಿಯನ್ನು ಮೆಲ್ಲಗೆ ಹರಡುವ ಅಗಲ ಮೂತಿ) ಹಾಕಿ ಇದ್ದಂತೆಯೇ ಒಣಗಿಸುವುದು ಸುಲಭ, ಕೂದಲಿಗೂ ಹಿತ. ಗುಂಪೇ ಆಗದೆ ಒಂದೊಂದು ಎಳೆ ಒಂದೊಂದು ದಿಕ್ಕಿಗೆ ಹೊರಳಿದ್ದರೆ ಅದು ಕೆದರು.

ಕೆದರು ನೆತ್ತಿಯ ಮೇಲೆ, ಬೈತಲೆಯ ಎರಡು ಬದಿಯಲ್ಲಿ ಮಾತ್ರ ಇದ್ದರೆ ಅಲ್ಲಿನ ಗಿಡ್ಡ ಎಳೆಗಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಸೂಜಿಯಂತೆ ಸಣ್ಣಗಾಗಿದ್ದರೆ ಹೊಸದಾಗಿ ಬರುತ್ತಿರುವ ಕೂದಲು, ಅದಕ್ಕೆ ಮಾಡಬೇಕಾದ್ದೇನೂ ಇಲ್ಲ. ಹಳೆಯ ಟೂತ್‌ಬ್ರಷ್‌ಗೆ ಚೂರೇ ಚೂರು ಜೆಲ್ ಸವರಿ ಮಲಗಿಸಿದರೆ ಸಾಕು. ತುದಿ ಮೊಂಡಾಗಿ ಕತ್ತರಿಸಿದಂತಿದ್ದರೆ ಅಥವಾ ಸೀಳಿದ್ದರೆ ಅದು ತುಂಡಾದ ಕೂದಲು. ಬಿಗಿಯಾಗಿ ಎತ್ತಿ ಕಟ್ಟುವ ಜುಟ್ಟು, ರಬ್ಬರ್ ಬ್ಯಾಂಡ್, ದಿನವೂ ಅದೇ ಜಾಗಕ್ಕೆ ತಾಗುವ ಸ್ಟ್ರೈಟ್ನರ್, ಇವುಗಳಲ್ಲೊಂದು ಕಾರಣವಿದ್ದೀತು. ಸೀಳಿದ ತುದಿಯನ್ನು ಅಂಟಿಸುವ ಸೀರಮ್ ಇಲ್ಲ, ಕತ್ತರಿಯೇ ಗತಿ.

ಡ್ರೈಯರ್ ಹಿಡಿಯುವ ಮೊದಲೇ ಕೆದರಿದ್ದರೆ

ಮೊದಲ ಅನುಮಾನ ನೀರಿನ ಮೇಲೆ. ಬಕೆಟ್ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತದೆಯೇ? ಸೋಪು ನೊರೆ ಬರಲು ಸತಾಯಿಸುತ್ತದೆಯೇ? ಹಾಗಿದ್ದರೆ ಗಡಸು ನೀರು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಳೆಯ ಮೇಲೆ ಕೂತು ಮೈ ಒರಟಾಗುತ್ತದೆ, ಕಂಡೀಷನರ್ ಸರಿಯಾಗಿ ಹಿಡಿಯುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ಅಪಾರ್ಟ್‌ಮೆಂಟಿನ ನೀರು ಪರೀಕ್ಷೆಯ ವರದಿ ಇದ್ದರೆ ಈ ಸಾಲನ್ನು ನೋಡಿ. ಬೆಂಗಳೂರಿನಲ್ಲಿ ಕಾವೇರಿ ನೀರಿದ್ದ ಮನೆಯಿಂದ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರಿನ ಮನೆಗೆ ಬಂದ ಮೇಲೆ ಕೂದಲು ಕೆಟ್ಟಿತು ಎನ್ನುವವರು ಶಾಂಪೂವನ್ನು ದೂರುವ ಮೊದಲು ಇದನ್ನು ಪರೀಕ್ಷಿಸಬೇಕು.

ಪರೀಕ್ಷೆ ಸುಲಭ. ಎಂದಿನಂತೆ ತಲೆ ತೊಳೆದು, ಕೊನೆಯ ಎರಡು ಮೂರು ಚೊಂಬು ಮಾತ್ರ ಆರ್‌ಒ ಫಿಲ್ಟರ್ ನೀರು ಹಾಕಿ. ಅದೊಂದರಿಂದಲೇ ಕೂದಲು ಮೆತ್ತಗಾದರೆ ಕಳ್ಳ ಸಿಕ್ಕಂತೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಲವಣ ತೆಗೆಯುವ ಕೀಲೇಟಿಂಗ್ ಶಾಂಪೂ ಬಳಸಿ. ಎಷ್ಟೋ ಮಾಮೂಲಿ ಶಾಂಪೂಗಳ ಘಟಕ ಪಟ್ಟಿಯ ಕೊನೆಯಲ್ಲೂ ಲವಣ ಹಿಡಿದಿಡುವ ಇಡಿಟಿಎ ಹೆಸರಿರುತ್ತದೆ. ಅಷ್ಟಕ್ಕೇ ಅದು ಕೀಲೇಟಿಂಗ್ ಶಾಂಪೂ ಆಗದು, ಗಡಸು ನೀರಿಗೆಂದೇ ಮಾಡಿದ್ದು ಎಂದು ಬರೆದಿರಬೇಕು. ಅಗ್ಗದ ದಾರಿ ಬೇಕಿದ್ದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಸುರಿದು, ಒಂದು ನಿಮಿಷ ಬಿಟ್ಟು ತೊಳೆಯಿರಿ. ಶವರ್‌ಗೆ ಸಿಕ್ಕಿಸುವ ಸಣ್ಣ ಫಿಲ್ಟರ್ ಮಣ್ಣು, ಕ್ಲೋರಿನ್ ತಡೆದೀತು. ಗಡಸುತನ ಇಳಿಸಲು ಉಪ್ಪು ಹಾಕುವ ದೊಡ್ಡ ಸಾಫ್ಟ್‌ನರ್ ಯಂತ್ರವೇ ಬೇಕು.

ಎರಡನೆಯ ಅನುಮಾನ ತೊಳೆಯುವ ವಸ್ತು. ಮೈಗೆ ಹಚ್ಚುವ ಸೋಪು ಕ್ಷಾರ. ಅದರ ಪಿಎಚ್ ಸಾಮಾನ್ಯವಾಗಿ 9ರಿಂದ 10. ಎಳೆಯ ಹೊರಪದರ ಮಂಗಳೂರು ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಬಿಲ್ಲೆಗಳಾಗಿ ಕೂತಿರುತ್ತದೆ, ಕ್ಷಾರ ತಾಗಿದರೆ ಆ ಬಿಲ್ಲೆಗಳು ಅಂಚಿನಲ್ಲಿ ಏಳುತ್ತವೆ. ಗಡಸು ನೀರಿನಲ್ಲಿ ಸೋಪು ಬಳಸಿದರೆ ಮೇಲೊಂದು ಬಿಳಿ ಜಿಗುಟು ಬೇರೆ. ಅಡುಗೆ ಸೋಡಾ ಹಚ್ಚಿ ತೊಳೆಯುವ ಸಲಹೆಯೂ ಇದೇ ಜಾತಿಯದು. ಇನ್ನು ಸೀಗೆಕಾಯಿ ಪುಡಿ, ದಾಸವಾಳ ಸೊಪ್ಪಿನ ಗಂಪು (ಸೊಪ್ಪಿನ ಲೋಳೆ), ಲೋಳೆಸರ. ಇವು ಕೆಟ್ಟವಲ್ಲ. ಆದರೆ ಪುಡಿಯ ಕಣವೋ ಲೋಳೆಯ ಪದರವೋ ಉಳಿದು, ಅದರ ಮೇಲೆ ಡ್ರೈಯರ್ ಬಿಸಿ ಬಿದ್ದರೆ ಅದು ಒಣಗಿ ಗರಗರ ಎನ್ನುತ್ತದೆ. ಬ್ಲೋ ಡ್ರೈ ಮಾಡುವ ದಿನ ಇವುಗಳಿಗೆ ರಜೆ ಕೊಡಿ, ಇಲ್ಲವೇ ಸೋಸಿ ಹಚ್ಚಿ, ಹೆಚ್ಚು ನೀರು ಹಾಕಿ ತೊಳೆಯಿರಿ.

ಮೂರನೆಯದು ಟವೆಲ್. ಕೂದಲನ್ನು ಟವೆಲಿನಲ್ಲಿ ತಿಕ್ಕಿ, ಆಮೇಲೆ ಮುಂದೆ ಬಾಗಿ ಪಟಪಟನೆ ಬಡಿದು ನೀರು ಝಾಡಿಸುವ ರೂಢಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಒದ್ದೆ ಕೂದಲು ಒಣ ಕೂದಲಿಗಿಂತ ಸುಲಭವಾಗಿ ಹಿಗ್ಗಿ ತುಂಡಾಗುತ್ತದೆ, ಕೆದರಲು ಇದಕ್ಕಿಂತ ಚೆನ್ನಾದ ಉಪಾಯ ಬೇಡ. ತೆಳು ಬೈರಾಸು, ಹಳೆಯ ಹತ್ತಿ ಪಂಚೆ ಅಥವಾ ಟೀ ಶರ್ಟ್‌ನಲ್ಲಿ ಮೇಲಿಂದ ಕೆಳಕ್ಕೆ ಹಿಂಡಿ, ಹತ್ತು ನಿಮಿಷ ಸುತ್ತಿಡಿ. ಸ್ನಾನದ ಮನೆಯ ಹಬೆಯಲ್ಲಿ ಬ್ಲೋ ಡ್ರೈ ಶುರುಮಾಡಬೇಡಿ, ಅಲ್ಲಿ ವಿದ್ಯುತ್ತಿನ ಅಪಾಯವೂ ಇದೆ. ಕೋಣೆಗೆ ಬಂದ ಮೇಲೆ ಸೀಲಿಂಗ್ ಫ್ಯಾನ್ ಆರಿಸಿ. ಡ್ರೈಯರ್ ಒಂದು ದಿಕ್ಕಿಗೆ ಕೂರಿಸಿದ್ದನ್ನು ಫ್ಯಾನ್ ಹತ್ತು ದಿಕ್ಕಿಗೆ ಎಬ್ಬಿಸುತ್ತದೆ. ಸೆಕೆಗಾಲದಲ್ಲಿ ಇದು ಕಷ್ಟದ ಮಾತೇ.

ಒಣಗಿಸುತ್ತಿರುವಾಗ ಕೆದರಿದರೆ

ಮನೆಯಲ್ಲಿ ಕಲಿಯುವವರು ಹೆಚ್ಚು ಎಡವುವುದು ಇಲ್ಲಿ. ಕೂದಲು ನೂರಕ್ಕೆ 80ರಷ್ಟು ಒಣಗಿದ ಮೇಲೆ ಬ್ರಷ್ ಹಿಡಿಯಿರಿ ಎಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ. ನೇರ ಕೂದಲಿಗೆ ಅದು ಸರಿ. ಕೆದರುವ ಕೂದಲಿಗೆ ಅಷ್ಟು ಹೊತ್ತು ಕಾದರೆ ಹಣೆಯಂಚು, ನೆತ್ತಿ, ಕಿವಿಯ ಪಕ್ಕದ ತೆಳು ಎಳೆಗಳು ಆಗಲೇ ಪೂರ್ತಿ ಒಣಗಿ, ಸೊಟ್ಟ ಭಂಗಿಯಲ್ಲೇ ಗಟ್ಟಿಯಾಗಿರುತ್ತವೆ. ಆಮೇಲೆ ಬ್ರಷ್ ಎಳೆದರೆ ಬಿಸಿ ತಾಗುತ್ತದೆ, ಆಕಾರ ಬದಲಾಗುವುದಿಲ್ಲ. ಇಂಥ ಕೂದಲಿಗೆ ಅರ್ಧಕ್ಕಿಂತ ತುಸು ಹೆಚ್ಚು ಒಣಗಿದಾಗಲೇ ಬ್ರಷ್ ಹಿಡಿಯಬೇಕು. ಹಣೆಯಂಚನ್ನು ಎಲ್ಲಕ್ಕಿಂತ ಮೊದಲು ಮುಗಿಸಬೇಕು. ಕೈಗೆಟಕುವಲ್ಲಿ ನೀರಿನ ಸ್ಪ್ರೇ ಬಾಟಲಿ ಇರಲಿ, ಸರದಿ ಬರುವ ಮೊದಲೇ ಒಣಗಿಹೋದ ಭಾಗಕ್ಕೆ ಮತ್ತೆ ನೀರು ಚಿಮುಕಿಸಿ.

ಹೆಗಲುದ್ದದ ದಟ್ಟ ಕೂದಲಿಗೆ ಕ್ರಮ ಹೀಗೆ. ಹಿಂಡಿ ಸುತ್ತಿಟ್ಟ ಕೂದಲಿಗೆ ಬಿಸಿಯಿಂದ ಕಾಪಾಡುವ ಹೀಟ್ ಪ್ರೊಟೆಕ್ಟೆಂಟ್ ಹಚ್ಚಿ: ಸ್ಪ್ರೇ ಆದರೆ ಆರೇಳು ಬಾರಿ, ಕ್ರೀಮ್ ಆದರೆ ಒಂದು ರೂಪಾಯಿ ನಾಣ್ಯದಷ್ಟು, ಕಿವಿಯ ಮಟ್ಟದಿಂದ ಕೆಳಕ್ಕೆ. ಬಾಚಿ ಎಲ್ಲ ಕಡೆ ಸಮ ಹರಡಿ. ಡ್ರೈಯರನ್ನು ಮಧ್ಯಮ ಬಿಸಿ, ಹೆಚ್ಚು ಗಾಳಿಗೆ ಇಟ್ಟು, ಒಂದು ಗೇಣಿನಷ್ಟು ದೂರದಿಂದ ಬುಡಗಳನ್ನು ಮೊದಲು ಒಣಗಿಸಿ. ಗಾಳಿ ಯಾವಾಗಲೂ ಮೇಲಿಂದ ಕೆಳಕ್ಕೆ. ತಲೆ ಬಗ್ಗಿಸಿ ಕೆಳಗಿನಿಂದ ಊದುವುದು ತೆಳು ಕೂದಲು ದಟ್ಟವಾಗಿ ಕಾಣಲೆಂದು ಮಾಡುವ ಕೆಲಸ, ನಿಮಗೆ ಬೇಡ.

ಈಗ ನಾಝಲ್ ಸಿಕ್ಕಿಸಿ. ಡ್ರೈಯರ್ ಜತೆ ಬಂದ ಆ ಚಪ್ಪಟೆ ಮೂತಿಯನ್ನು ಡಬ್ಬದಲ್ಲೇ ಬಿಟ್ಟವರು ಬಹಳ, ಕೆದರು ನಿಲ್ಲದಿರಲು ಎಷ್ಟೋ ಕಡೆ ಇದೊಂದೇ ಕಾರಣ. ನಾಝಲ್ ಇಲ್ಲದೆ ಗಾಳಿ ಅಗಲವಾಗಿ ಹರಡಿ, ಪಕ್ಕದ ಎಳೆಗಳನ್ನೂ ಎಬ್ಬಿಸುತ್ತದೆ. ಅದರ ಸೀಳು ಬ್ರಷ್‌ಗೆ ಸಮಾಂತರವಾಗಿರಬೇಕು, ಮೂತಿ ಓರೆಯಾಗಿ ತುದಿಯ ಕಡೆಗೆ ನೋಡುತ್ತಿರಬೇಕು. ಗಾಳಿ ಬುಡದಿಂದ ತುದಿಗೆ ಹರಿದರೆ ಹೊರಪದರದ ಬಿಲ್ಲೆಗಳು ಮಲಗುತ್ತವೆ, ಅಡ್ಡ ಬೀಸಿದರೆ ಏಳುತ್ತವೆ. ಮೂತಿಗೂ ಕೂದಲಿಗೂ ಎರಡು ಮೂರು ಸೆಂಟಿಮೀಟರ್ ಅಂತರವಿರಲಿ, ಎಲ್ಲಿಯೂ ನಿಲ್ಲದೆ ಬ್ರಷ್ ಹಿಂದೆಯೇ ಸಾಗಲಿ.

ಹಣೆಯಂಚು ಮುಗಿದ ಮೇಲೆ ಉಳಿದ ಕೂದಲನ್ನು ನೆತ್ತಿಗೆ ಎತ್ತಿ ಕ್ಲಿಪ್ ಹಾಕಿ, ಕತ್ತಿನ ಹಿಂಭಾಗದಿಂದ ಮೇಲಕ್ಕೆ ಬನ್ನಿ. ಒಂದೊಂದು ಪಾಲು ಬ್ರಷ್‌ನ ಉದ್ದಕ್ಕಿಂತ ಅಗಲ ಇರಬಾರದು, ದಪ್ಪ ಎರಡು ಮೂರು ಸೆಂಟಿಮೀಟರ್ ಮೀರಬಾರದು. ಅವಸರಕ್ಕೆ ದೊಡ್ಡ ಪಾಲು ಹಿಡಿದರೆ ಮೇಲೆ ಒಣಗಿ ಒಳಗೆ ತೇವ ಉಳಿಯುತ್ತದೆ. ಬ್ರಷ್ಷನ್ನು ಬುಡದ ಹತ್ತಿರ ಕೆಳಗಿನಿಂದ ಕೊಟ್ಟು, ಪಾಲು ತಂತಿಯಂತೆ ಬಿಗಿಯಾಗುವವರೆಗೆ ಎಳೆದು, ನಿಧಾನ ತುದಿಯವರೆಗೆ ತನ್ನಿ. ನೆತ್ತಿಯ ಚರ್ಮ ನೋಯಬಾರದು, ಆದರೆ ಪಾಲು ಸಡಿಲವೂ ಆಗಬಾರದು. ಕೂದಲು ನೇರವಾಗುವುದು ಈ ಎಳೆತದಿಂದ. ಬಿಸಿ ಅದಕ್ಕೆ ಜೊತೆ ಮಾತ್ರ, ಹಾಗಾಗಿ ಎಳೆತ ಕಡಿಮೆಯಾದಾಗ ಬಿಸಿ ಹೆಚ್ಚಿಸಿ ಸರಿದೂಗಿಸಲು ಹೋಗಬೇಡಿ. ಮೂರು ನಾಲ್ಕು ಬಾರಿ ಹೀಗೆ ತಂದು, ಕೊನೆಯ ಬಾರಿ ಕೂದಲನ್ನು ಬ್ರಷ್‌ಗೆ ಸುತ್ತಿ, ಕೂಲ್ ಶಾಟ್ ಬಟನ್ ಒತ್ತಿ, ಹತ್ತು ಸೆಕೆಂಡ್ ತಂಪು ಗಾಳಿ ಕೊಟ್ಟು, ತಣ್ಣಗಾದ ಮೇಲೆ ಬಿಡಿ.

ಬ್ರಷ್ ಅಳತೆ ತಪ್ಪಿದರೂ ಕೆದರುತ್ತದೆ. ಕೂದಲು ಬ್ರಷ್‌ಗೆ ಕನಿಷ್ಠ ಒಂದೂವರೆ ಸುತ್ತು ಬರಬೇಕು. ಗಲ್ಲದುದ್ದದ ಕೂದಲಿಗೆ 25 ಮಿಲಿಮೀಟರ್ ಆಸುಪಾಸು, ಹೆಗಲುದ್ದಕ್ಕೆ 33ರಿಂದ 43, ಅದಕ್ಕಿಂತ ಉದ್ದವಿದ್ದರೆ 53. ಉದ್ದ ಕೂದಲಿಗೆ ಸಣ್ಣ ಬ್ರಷ್ ಹಿಡಿದರೆ ಸುತ್ತಿಕೊಂಡು ಬಿಡಿಸಲಾಗದೆ ಸಿಕ್ಕಾಗುತ್ತದೆ. ಆಗ ಎಳೆಯದೆ, ಡ್ರೈಯರ್ ಆರಿಸಿ, ತುದಿಯ ಕಡೆಯಿಂದ ಒಂದೊಂದು ಸುತ್ತು ಬಿಚ್ಚಿ. ಎರಡು ಕೈಗೆ ಎರಡು ಕೆಲಸ ಇನ್ನೂ ಒಗ್ಗದವರು ಮೊದಲು ಅಗಲ ಚಪ್ಪಟೆಯ ಪ್ಯಾಡಲ್ ಬ್ರಷ್‌ನಲ್ಲಿ ನೇರವಾಗಿ ಒಣಗಿಸುವುದನ್ನು ಕಲಿಯಲಿ. ಹೊಳಪು ತುಸು ಕಡಿಮೆ ಬಂದೀತು, ತೋಳು ಮಾತ್ರ ನೋಯದು.

ಇನ್ನು ಸ್ಟ್ರೈಟ್ನರ್. ಒದ್ದೆ ಕೂದಲಿಗೆ ಅದನ್ನು ಒತ್ತಿದಾಗ ಚುರ್ ಎಂದರೆ, ಎಳೆಯೊಳಗಿನ ನೀರು ಕುದಿದು ಆವಿಯಾಗುತ್ತಿದೆ ಎಂದರ್ಥ. ಆ ಆವಿ ಒಳಗೆ ಗುಳ್ಳೆ ಎಬ್ಬಿಸುತ್ತದೆ, ಎಳೆ ಅಲ್ಲಿಂದ ತುಂಡಾಗುತ್ತದೆ. ಒದ್ದೆ ಕೂದಲಿಗೆಂದೇ ಆವಿ ಹೊರಬಿಡುವ ತೂತುಗಳಿರುವ ಉಪಕರಣ ಬೇರೆ, ಮಾಮೂಲಿ ಸ್ಟ್ರೈಟ್ನರ್ ಬೇರೆ.

ನಡುವೆ ಕರೆಂಟ್ ಹೋದರೆ? ಮನೆಯ ಮಾಮೂಲಿ 800, 900 ವಿಎ ಇನ್ವರ್ಟರ್‌ಗೆ ಡ್ರೈಯರ್ ಎಳೆಯುವ ಶಕ್ತಿ ಇಲ್ಲ, ಪ್ರಯತ್ನಿಸಬೇಡಿ. ಮುಗಿದ ಭಾಗವನ್ನು ಬೇರೆ ಕಟ್ಟಿ, ಉಳಿದದ್ದನ್ನು ನೇರವಾಗಿ ಬಾಚಿ ಸಡಿಲ ಜಡೆ ಹಾಕಿಡಿ. ಕರೆಂಟ್ ಬಂದಾಗ ನೀರು ಚಿಮುಕಿಸಿ ಮುಂದುವರಿಸಿ.

ಮುಗಿಸಿದ ಹತ್ತು ನಿಮಿಷಕ್ಕೆ ಎದ್ದರೆ

ಒಣಗಿಲ್ಲ. ಇಲ್ಲಿ ಬೇರೆ ಕಾರಣ ಬಹಳ ಕಡಿಮೆ. ಬಿಸಿ ಕೂದಲು ಮುಟ್ಟಿದಾಗ ಒಣಗಿದಂತೆಯೇ ಅನಿಸುತ್ತದೆ, ಮೋಸ ಹೋಗುವುದು ಅಲ್ಲೇ. ಪ್ರತಿ ಪಾಲಿಗೂ ತಂಪು ಗಾಳಿ ಕೊಟ್ಟ ಮೇಲೆ ಬುಡದ ಹತ್ತಿರ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಸುತ್ತಲಿನ ಕೂದಲಿಗಿಂತ ತಣ್ಣಗೆ ಅನಿಸಿದರೆ ಇನ್ನೂ ನೀರಿದೆ. ಕತ್ತಿನ ಹಿಂಭಾಗ ಮತ್ತು ಕಿವಿಯ ಹಿಂದೆ ಹೆಚ್ಚಾಗಿ ಉಳಿಯುತ್ತದೆ, ಏಕೆಂದರೆ ಕಾಣದ ಜಾಗ.

ಕೂದಲು ಪೂರ್ತಿ ಒಣಗಿದ್ದೂ ಏಳುತ್ತಿದ್ದರೆ ಅದರ ಸ್ವಭಾವ ನೋಡಿ. ಎಳೆಗಳು ನೇರವಾಗಿಯೇ ಇದ್ದು, ಬಾಚಣಿಗೆಯ ಹಿಂದೆ ಹಾರಿ, ಮುಖಕ್ಕೆ ಅಂಟಿಕೊಂಡರೆ ಅದು ಸ್ಥಿರ ವಿದ್ಯುತ್ತಿನ ಆಟ. ಡಿಸೆಂಬರ್, ಜನವರಿಯ ಒಣಹವೆಯಲ್ಲಿ, ಎಸಿ ಆಫೀಸಿನಲ್ಲಿ ಇದು ಮಾಮೂಲು. ಪ್ಲಾಸ್ಟಿಕ್ ಬಾಚಣಿಗೆ ಬಿಟ್ಟು ಮರದ್ದು ಹಿಡಿಯಿರಿ, ಅಂಗೈಗೆ ಒಂದು ಹನಿ ಲೀವ್-ಇನ್ ಕಂಡೀಷನರ್ ಹಚ್ಚಿ ಮೇಲಿಂದ ಸವರಿ. ಗಾಳಿಯ ಜತೆ ಋಣ ಅಯಾನುಗಳನ್ನು ಊದುವ ಅಯಾನಿಕ್ ಡ್ರೈಯರ್ ನೆರವಾಗುವುದು ಇಂಥ ಕೆದರಿಗೆ. ಮಳೆಗಾಲದ ಕೆದರಿಗೆ ಅದನ್ನು ನಂಬಿ ದುಬಾರಿ ಬೆಲೆ ಕೊಡುವ ಅಗತ್ಯ ನಮಗೆ ಕಾಣುವುದಿಲ್ಲ.

ಹೊರಗೆ ಹೋದ ಮೇಲೆ ಎದ್ದರೆ

ಗಾಳಿಯ ತೇವ ಎಳೆಯೊಳಗೆ ಸೇರಿ, ಹೈಡ್ರೋಜನ್ ಬಂಧ ಬಿಚ್ಚಿ, ಕೂದಲು ಹುಟ್ಟು ಆಕಾರಕ್ಕೆ ಹೊರಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ, ಕಾರವಾರದಲ್ಲಿ ಇದನ್ನು ಪೂರ್ತಿ ತಡೆಯಲಾಗದು, ನಿಧಾನಗೊಳಿಸಬಹುದು. ಹಚ್ಚುವ ವಸ್ತುವಿನ ಘಟಕ ಪಟ್ಟಿ ಓದಿ. ಮೊದಲ ಐದಾರು ಹೆಸರಿನಲ್ಲಿ ಗ್ಲಿಸರಿನ್ ಇದ್ದರೆ ಮಳೆಗಾಲಕ್ಕೆ ಬೇಡ. ಅದು ಗಾಳಿಯ ನೀರನ್ನು ಎಳೆದು ಕೂದಲಿಗೆ ಉಣಿಸುತ್ತದೆ. ಬೇಸಿಗೆಯ ರಾಯಚೂರು, ಕಲಬುರಗಿಯಲ್ಲಿ ಅದೇ ಗ್ಲಿಸರಿನ್ ಉಲ್ಟಾ ಹೊಡೆಯುತ್ತದೆ: ಗಾಳಿಯಲ್ಲಿ ನೀರಿಲ್ಲದಾಗ ಕೂದಲಿನ ನೀರನ್ನೇ ಬಿಟ್ಟುಕೊಡುತ್ತದೆ. ಎರಡೂ ಕಡೆ ಡೈಮೆಥಿಕೋನ್, ಅಮೋಡೈಮೆಥಿಕೋನ್ ತರಹದ ಸಿಲಿಕೋನ್ ಇರುವ ಸೀರಮ್ ಮೇಲು, ಅದು ಎಳೆಯ ಮೇಲೆ ತೆಳು ಪೊರೆ ಕಟ್ಟುತ್ತದೆ. ಹೆಗಲುದ್ದಕ್ಕೆ ಎರಡು ಮೂರು ಹನಿ, ತಣಿದ ಕೂದಲಿಗೆ, ತುದಿಯಿಂದ ಶುರುಮಾಡಿ ಮೇಲಕ್ಕೆ. ನಾಲ್ಕೈದು ವಾರ ಇದನ್ನೇ ಬಳಸುತ್ತ ಕೂದಲು ಭಾರವಾಗಿ ಜೋಲುತ್ತಿದ್ದರೆ ಪೊರೆ ಕಟ್ಟಿ ಉಳಿದಿದೆ, ಒಮ್ಮೆ ಅದನ್ನು ತೊಳೆದು ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂ ಹಾಕಿ.

ಕೊಬ್ಬರಿ ಎಣ್ಣೆಯ ಜಾಗ ಸ್ನಾನದ ಮೊದಲು. ಅದರಲ್ಲಿ ಹೆಚ್ಚಿರುವ ಲಾರಿಕ್ ಆಮ್ಲದಿಂದಾಗಿ ಅದು ಎಳೆಯ ಒಳಗೆ ಇಳಿಯಬಲ್ಲದು, ತೊಳೆಯುವಾಗ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ. ಒಂದು ಗಂಟೆ ಮೊದಲೋ ಹಿಂದಿನ ರಾತ್ರಿಯೋ ಹಚ್ಚಿ. ಬ್ಲೋ ಡ್ರೈಗೆ ಮುಂಚೆ ಒದ್ದೆ ಕೂದಲಿಗೆ ಹಚ್ಚಿದರೆ ಬ್ರಷ್ ಜಾರುತ್ತದೆ, ಎಳೆತ ಸಿಗುವುದಿಲ್ಲ.

ಸ್ಕೂಟರ್ ಓಡಿಸುವವರಿಗೆ ಹೆಲ್ಮೆಟ್ ಇನ್ನೊಂದು ಸಂಕಟ. ಒಣಗಿಸಿದ ತಕ್ಷಣ ಹಾಕಿದರೆ ಬೆಚ್ಚಗಿರುವ ಕೂದಲು ಹೆಲ್ಮೆಟ್ಟಿನ ಒಳಮೈ ಆಕಾರ ಹಿಡಿಯುತ್ತದೆ, ಬೆವರು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಕಾಲು ಗಂಟೆ ತಣಿಯಲು ಬಿಟ್ಟು, ಕತ್ತಿನ ಬಳಿ ಸಡಿಲವಾಗಿ ಕಟ್ಟಿ, ಒಳಗೆ ಸ್ಯಾಟಿನ್ ಬಟ್ಟೆ ಹಾಕಿಕೊಳ್ಳಿ. ಮರುದಿನ ನೆತ್ತಿ ಮಾತ್ರ ಎದ್ದಿದ್ದರೆ ಪೂರ್ತಿ ತಲೆ ತೊಳೆಯಬೇಡಿ. ಆ ಜಾಗಕ್ಕಷ್ಟೇ ನೀರು ಚಿಮುಕಿಸಿ, ಪ್ಯಾಡಲ್ ಬ್ರಷ್‌ನಲ್ಲಿ ಎರಡು ನಿಮಿಷ ಒಣಗಿಸಿದರೆ ಸಾಕು.

ದೋಷ ಡ್ರೈಯರ್‌ನದೇ ಆಗಿದ್ದರೆ

ಬಿಸಿ ಸಾಲದು ಎನಿಸಿದರೆ ಮೊದಲು ವೋಲ್ಟೇಜ್ ಯೋಚಿಸಿ. 230 ವೋಲ್ಟ್‌ಗೆ 2000 ವ್ಯಾಟ್ ಕೊಡುವ ಡ್ರೈಯರ್, 180 ವೋಲ್ಟ್ ಬರುವ ಹೊತ್ತಿನಲ್ಲಿ ಸುಮಾರು 1225 ವ್ಯಾಟ್ ಮಾತ್ರ ಕೊಡುತ್ತದೆ. ಅಂಥ ಸಂಜೆ ಪಾಲುಗಳನ್ನು ಇನ್ನಷ್ಟು ತೆಳು ಮಾಡಿ.

ಪ್ಲಗ್ ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಸಾಕೆಟ್ ನೋಡಿ. 2000 ವ್ಯಾಟ್ ಡ್ರೈಯರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಪಾಯಿಂಟ್ ಬೇಕು. 1200 ವ್ಯಾಟಿನದು 5.2 ಆಂಪಿಯರ್, 6 ಆಂಪಿಯರ್ ಸಾಕೆಟ್ ತಡೆಯುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಎರಡರಲ್ಲಿ ಯಾವುದನ್ನೂ ಹಾಕದಿರುವುದು ಲೇಸು.

ನಡುವೆ ತಾನಾಗಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಓಡಿದರೆ ಒಳಗಿನ ಥರ್ಮೋಸ್ಟಾಟ್ ಅದನ್ನು ಅತಿ ಬಿಸಿಯಿಂದ ಕಾಪಾಡಿದೆ ಎಂದರ್ಥ. ಹಿಂಬದಿಯ ಜಾಲರಿಯಲ್ಲಿ ಧೂಳು, ಕೂದಲು ಕಟ್ಟಿಕೊಂಡು ಗಾಳಿ ಒಳಗೆ ಹೋಗುತ್ತಿಲ್ಲ. ಪ್ಲಗ್ ಕಿತ್ತು, ತಣಿದ ಮೇಲೆ ಜಾಲರಿಯನ್ನು ಟೂತ್‌ಬ್ರಷ್‌ನಿಂದ ಉಜ್ಜಿ. ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಬಿಸಿಯೂ ಗಾಳಿಯೂ ಹೊಸದರಂತೆಯೇ ಇರುತ್ತವೆ. ಜಾಲರಿ ಸ್ವಚ್ಛವಿದ್ದೂ ಫ್ಯಾನ್ ನಿಧಾನವಾಗಿ ತಿರುಗಿ, ಒಳಗಿನ ತಂತಿ ಕೆಂಪಗೆ ಕಂಡರೆ ಮೋಟರಿಗೆ ಕೂದಲು ಸುತ್ತಿದೆ ಅಥವಾ ಅದು ಸವೆದಿದೆ. ಆ ಡ್ರೈಯರನ್ನು ಮತ್ತೆ ಚಾಲೂ ಮಾಡಬೇಡಿ.

ಅಮೆರಿಕಕ್ಕೆ ಹೋಗುವವರು ಇಲ್ಲಿನ ಡ್ರೈಯರ್ ಒಯ್ದು ಪ್ರಯೋಜನವಿಲ್ಲ. ಅಲ್ಲಿನ 120 ವೋಲ್ಟ್‌ನಲ್ಲಿ 2000 ವ್ಯಾಟಿನದು 550 ವ್ಯಾಟ್ ಕೂಡ ಕೊಡುವುದಿಲ್ಲ. ಅಲ್ಲಿಂದ ತಂದದ್ದನ್ನು ಇಲ್ಲಿ ಬರಿಯ ಪಿನ್ ಅಡಾಪ್ಟರ್ ಹಾಕಿ ಚಾಲೂ ಮಾಡಿದರೆ ಮೂರೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಹರಿದು ಕಾಯಿಲ್ ಸುಟ್ಟುಹೋಗುತ್ತದೆ. ಹಿಡಿಯ ಮೇಲೆ ಎರಡೂ ವೋಲ್ಟೇಜ್ ನಮೂದಾಗಿ, ಬದಲಿಸುವ ಸ್ವಿಚ್ ಇದ್ದರೆ ಮಾತ್ರ ಒಯ್ಯಿರಿ. ಪ್ಲಗ್ ಹಾಕುವ ಮೊದಲೇ ಆ ಸ್ವಿಚ್ ತಿರುಗಿಸಿ.